ಒಂದನೇ ಕ್ಲಾಸಿನ ಕರೆಜ್ಮ

ಫೆಬ್ರವರಿ ನಡುವಿನಲ್ಲಿ ಕುಂದಾಪುರದ ಬೆಳಗು ಏಳು ಗಂಟೆಗೆ ತಂಪು, ಹತ್ತಾಗುವಷ್ಟರಲ್ಲಿ ಉರಿಬಿಸಿಲು. ಬೂದಿ ಬುಧವಾರದ ಬೆಳಗಿನ ಬಲಿಪೂಜೆ ಆ ತಂಪಿನಲ್ಲೇ ಮುಗಿಯುತ್ತದೆ. ಇಗರ್ಜಿಯಿಂದ ನೇರವಾಗಿ ಶಾಲೆಗೆ ಬರುವ ಪುಟಾಣಿಗಳ ಹಣೆಯ ಮೇಲೆ ಬೂದಿಯ ಶಿಲುಬೆ. ಪಾದ್ರಿಗಳ ಹೆಬ್ಬೆರಳಿನ ಗುರುತು ಕೆಲವರಲ್ಲಿ ಹುಬ್ಬಿನವರೆಗೂ ಇಳಿದಿದೆ, ಕೆಲವರಲ್ಲಿ ಬೆವರಿಗೆ ಆಗಲೇ ಅರ್ಧ ಅಳಿಸಿದೆ. ಅದೇ ಬೆಂಚಿನಲ್ಲಿ ಗಂಧದ ಬೊಟ್ಟಿನ ಹಣೆಯೂ ಇದೆ.

"ನಿಮ್ಮ್ ಇಗರ್ಜಿಯಂಗೂ ಭಸ್ಮ ಹಚ್ತ್ರಾ?"

"ಹ್ಞೂಂ. ಗರಿ ಸುಟ್ಟದ್ದ್."

ಉತ್ತರ ಸರಿಯಾಗಿದೆ. ಕಳೆದ ವರ್ಷ ಗರಿಗಳ ಭಾನುವಾರ ಮೆರವಣಿಗೆಯಲ್ಲಿ ಹಿಡಿದು ಬಂದ ತೆಂಗಿನ ಎಳೆ ಗರಿಗಳು ಮನೆಯ ಆಲ್ತಾರಿನ (ಪ್ರಾರ್ಥನಾ ಪೀಠದ) ಶಿಲುಬೆಗೆ ಸಿಕ್ಕಿಸಿದಲ್ಲೇ ಒಣಗಿರುತ್ತವೆ. ಅಂಥ ಗರಿಗಳನ್ನು ಇಗರ್ಜಿಯಲ್ಲಿ ಸುಟ್ಟು ಬೂದಿ ಮಾಡುತ್ತಾರೆ. ಬೂದಿ ಬುಧವಾರದಿಂದ ಪಾಸ್ಕ (ಈಸ್ಟರ್) ಹಬ್ಬಕ್ಕೆ 46 ದಿನ. ಆರು ಭಾನುವಾರ ಕಳೆದರೆ 40. ಯೇಸು ಮರಳುಗಾಡಿನಲ್ಲಿ ಉಪವಾಸವಿದ್ದು ಪ್ರಾರ್ಥಿಸಿದ ನಲವತ್ತು ದಿನಗಳ ನೆನಪು ಅದು. ಕನ್ನಡದಲ್ಲಿ ತಪಸ್ಸು ಕಾಲ, ಈ ಸೀಮೆಯ ಕೊಂಕಣಿ ಮನೆಗಳಲ್ಲಿ ಕರೆಜ್ಮ.

2026ರಲ್ಲಿ ಫೆಬ್ರವರಿ 15ಕ್ಕೆ ಶಿವರಾತ್ರಿ, 18ಕ್ಕೆ ಬೂದಿ ಬುಧವಾರ, ಅದೇ ವಾರ ರಂಜಾನ್ ಆರಂಭ. ಇಂಥ ಊರಿನ ಮಕ್ಕಳಿಗೆ ಉಪವಾಸ ಎಂದರೇನು ಎಂದು ಮೊದಲಿಂದ ಹೇಳಿಕೊಡಬೇಕಾಗಿಲ್ಲ. ಜಾಗರಣೆ ಕೂತ ಅಜ್ಜಿಯನ್ನೂ ನಸುಕಿಗೆ ಎದ್ದು ಉಣ್ಣುವ ನೆರೆಮನೆಯವರನ್ನೂ ಅವರು ಕಂಡಿದ್ದಾರೆ. ಬ್ರಹ್ಮಾವರದ ಕಡೆಗೆ ಹೋದರೆ ಇನ್ನೊಂದು ಕವಲು ಸಿಗುತ್ತದೆ. ಅಲ್ಲಿನ ಕೊಂಕಣಿ ಮಾತಾಡುವ ಸಿರಿಯನ್ ಆರ್ಥೊಡಾಕ್ಸ್ ಮನೆಗಳಲ್ಲಿ ಹಣೆಗೆ ಬೂದಿಯಿಲ್ಲ. 50 ದಿನಗಳ ದೊಡ್ಡ ಉಪವಾಸ ಅದೇ ವಾರದ ಸೋಮವಾರದಿಂದಲೇ ಶುರುವಾಗಿರುತ್ತದೆ. ಒಂದೇ ಸೀಮೆಯ ಕ್ರೈಸ್ತ ಮಕ್ಕಳು ಬೇರೆ ಬೇರೆ ದಾರಿಯಿಂದ ಒಂದೇ ಹಬ್ಬದ ಕಡೆಗೆ ನಡೆಯುತ್ತಾರೆ.

ಶಾಲೆಯಲ್ಲಿ ದೊತೊರ್ನ್, ಅಂದರೆ ಧರ್ಮಬೋಧೆಯ ತರಗತಿಗೆ ಕೂರುವುದು ಕಥೋಲಿಕ ಮಕ್ಕಳು. ಉಳಿದವರಿಗೆ ಆ ಹೊತ್ತಿಗೆ ನೀತಿಪಾಠ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧರ್ಮಬೋಧೆಗೆ ಕೂರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಆ ಗೌರವದ ಒಳಗೇ ಈ ಪಾಠ ನಡೆಯುತ್ತದೆ.

ಕಿಟಕಿ ಪಕ್ಕದ ಮೇಜಿಗೆ ಟೀಚರ್ ನೇರಳೆ ಬಟ್ಟೆ ಹಾಸಿದ್ದಾರೆ. ಮೇಲೆ ಮರದ ಶಿಲುಬೆ, ಬೈಬಲ್, ಒಂದು ಖಾಲಿ ಡಬ್ಬಿ.

"ಹೂ ಎಂತಕ್ಕೆ ಇಲ್ಲೆ ಟೀಚರ್?"

"ಪಾಸ್ಕಕ್ಕೆ ಬತ್ತ್ ಮಗಾ. ಅಲ್ಲಿವರೆಗೆ ಕಾಯ್ಕ್."

ಕಾಯುವುದನ್ನು ಬಾಯಲ್ಲಿ ಹೇಳಿ ಕಲಿಸಲಾಗದು. ಆದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ತೆಂಗಿನ ಗೆರಟೆ, ಹಿಡಿ ಮಣ್ಣು, ಎರಡು ಉದ್ದಿನ ಕಾಳು. ಭತ್ತದ ಕೊಯ್ಲು ಮುಗಿದ ಗದ್ದೆಗಳಲ್ಲಿ ಉದ್ದು ಬೆಳೆಯುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ. ಮಣ್ಣಿಗೆ ಬಿದ್ದ ಕಾಳು ಸತ್ತರಷ್ಟೇ ಫಲ ಕೊಡುತ್ತದೆ ಎಂಬ ಯೇಸುವಿನ ಮಾತನ್ನು ಟೀಚರ್ ಕತೆಯಂತೆ ಹೇಳುತ್ತಾರೆ. ಮರುದಿನವೇ ಯಾರೋ ಬೆರಳು ಹಾಕಿ ಕೆದಕಿ ನೋಡುತ್ತಾರೆ. ಬೈಗುಳವಿಲ್ಲ. "ಮುಚ್ಚಿಡು, ನೀರು ಹಾಕು" ಎಂದಷ್ಟೇ ಟೀಚರ್ ಹೇಳುತ್ತಾರೆ. ಪ್ರಾರ್ಥನೆಯ ಮೊದಲ ಪಾಠ ಅಲ್ಲಿದೆ: ಕಣ್ಣಿಗೆ ಕಾಣದಿದ್ದರೂ ನಂಬಿ ನೀರು ಹಾಕುವುದು.

ಎರಡನೆಯ ಪಾಠ ಸುಮ್ಮನಿರುವುದು. ಜಪ ಒಪ್ಪಿಸುವುದು ಈ ಮಕ್ಕಳಿಗೆ ಸಲೀಸು. ಉಸಿರು ತೆಗೆದುಕೊಳ್ಳದೆ ಮುಗಿಸುತ್ತಾರೆ. ಕಣ್ಣು ಮುಚ್ಚಿ ಒಂದು ನಿಮಿಷ ಕೂರುವುದೇ ಕಷ್ಟ. ಹೆದ್ದಾರಿಯ ಲಾರಿ ಸದ್ದು, ಕಾಗೆಯ ಕೂಗು, ಪಕ್ಕದ ಕ್ಲಾಸಿನ ಮಗ್ಗಿ ಎಲ್ಲ ಒಳಗೆ ಬರುತ್ತವೆ. ಆಮೇಲೆ ಯಾರಿಗಾಗಿ ಬೇಡಬೇಕು ಎಂದು ಕೇಳಿದರೆ ಸಣ್ಣ ಸಣ್ಣ ದನಿಗಳು: ಗಲ್ಫಿನಲ್ಲಿರುವ ಪಪ್ಪನಿಗೆ, ಮಂಡಿನೋವಿನ ಅಜ್ಜಿ ವ್ಹಡ್ಲಿಮಾಂಯ್‌ಗೆ, ಕಾಲು ಮುರಿದ ನಾಯಿಮರಿಗೆ. ಯಾವುದನ್ನೂ ಟೀಚರ್ ಸಣ್ಣದೆಂದು ತಳ್ಳುವುದಿಲ್ಲ.

ಈ ಊರಿಗೆ ಪ್ರಾರ್ಥನೆಯ ಹಳೆಯ ನೆನಪೂ ಉಂಟು. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯ ಇತಿಹಾಸ 1570ರಿಂದ ಶುರುವಾಗುತ್ತದೆ. ಗೋವೆಯಲ್ಲಿ 1651ರಲ್ಲಿ ಹುಟ್ಟಿದ ಪಾದ್ರಿ ಜೋಸೆಫ್ ವಾಜ್, ಶ್ರೀಲಂಕಾಕ್ಕೆ ಹೋಗುವ ಮೊದಲು 1681ರಿಂದ 1684ರವರೆಗೆ ಕೆನರಾ ಸೀಮೆಯಲ್ಲಿ ಓಡಾಡಿದವರು. ಕುಂದಾಪುರದಲ್ಲಿ ಅವರು ಶಿಲುಬೆಯ ಮುಂದೆ ಮೈಮರೆತು ಪ್ರಾರ್ಥಿಸುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ತಾವು ದಿನವೂ ನಡೆಯುವ ಊರಿನಲ್ಲಿ ಒಬ್ಬ ಸಂತ ನಡೆದಿದ್ದರು ಎಂದರೆ ಮಕ್ಕಳ ಕಣ್ಣುಗಳು ಅಗಲವಾಗುತ್ತವೆ.

ಶುಕ್ರವಾರ ಶಿಲುಬೆ ಹಾದಿ. ಇಗರ್ಜಿಯ ಗೋಡೆಯ ಹದಿನಾಲ್ಕು ಚಿತ್ರಗಳ ಮುಂದೆ ಸಾಲಾಗಿ ನಡೆದು, ಒಂದೊಂದರ ಎದುರು ಮಂಡಿಯೂರುವುದು. ಆರು ವರ್ಷದ ಮಗುವಿಗೆ ಮೊಳೆ ಹೊಡೆಯುವ ಚಿತ್ರವನ್ನು ಹೇಗೆ ತೋರಿಸುವುದು? ನುರಿತ ಟೀಚರ್ ಅಲ್ಲಿ ಹೆಚ್ಚು ನಿಲ್ಲುವುದಿಲ್ಲ. ನಾಲ್ಕು, ಐದು, ಆರನೆಯ ಚಿತ್ರಗಳ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ನಾಲ್ಕರಲ್ಲಿ ತಾಯಿ ಎದುರಾಗುತ್ತಾಳೆ. ಐದರಲ್ಲಿ ಸಿರೇನೆಯ ಸಿಮೋನ ಶಿಲುಬೆಗೆ ಹೆಗಲು ಕೊಡುತ್ತಾನೆ. ಆರರಲ್ಲಿ ವೆರೋನಿಕಾ ಎಂಬ ಹೆಂಗಸು ಗುಂಪನ್ನು ದಾಟಿ ಬಂದು ಯೇಸುವಿನ ಮುಖ ಒರೆಸುತ್ತಾಳೆ.

"ಅವಳಿಗೆ ಶಿಲುಬೆ ಹೊರಲಿಕ್ಕೆ ಆಗ್ತಿತ್ತಾ?"

"ಇಲ್ಲ."

"ಮತ್ತೆ ಎಂತ ಮಾಡಿದಳು?"

"ಮುಖ ಒರೆಸಿದಳು!"

ದೊಡ್ಡ ನೋವನ್ನು ತಡೆಯುವ ಶಕ್ತಿ ಮಗುವಿಗಿಲ್ಲ; ಬೆವರು ಒರೆಸುವ ಕೈ ಇದೆ. ಆಟದ ಬಯಲಿನಲ್ಲಿ ಬಿದ್ದವನನ್ನು ಎಬ್ಬಿಸುವುದು, ಬುತ್ತಿ ತರದವಳ ಪಕ್ಕ ಕೂತು ಹಂಚಿ ಉಣ್ಣುವುದು, ಇವೆಲ್ಲ ಆರನೆಯ ಚಿತ್ರದಿಂದಲೇ ಹುಟ್ಟಿಬರಬೇಕು. ಕರೆಜ್ಮದ ಪ್ರಾರ್ಥನೆ ಎಳೆಯರಲ್ಲಿ ಬೇರೂರುವುದು ಇನ್ನೊಬ್ಬರ ಮುಖವನ್ನು ಗಮನಿಸುವ ಅಭ್ಯಾಸವಾಗಿ.

ಮೇಜಿನ ಮೇಲಿನ ಡಬ್ಬಿಗೂ ಇದೇ ಅರ್ಥ. 1975ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲೆನ್‌ಟೌನ್‌ನಲ್ಲಿ, ಆಫ್ರಿಕದ ಬರಗಾಲಕ್ಕೆ ಮರುಗಿದ ಕುಟುಂಬಗಳು ಸರಳ ಊಟ ಮಾಡಿ ಉಳಿಸಿದ ಹಣವನ್ನು ಅನ್ನದ ಬಟ್ಟಲಿಗೆ ಹಾಕತೊಡಗಿದವು. ಅದೇ ರೀತಿ ನಮ್ಮ ಡಬ್ಬಿಗೆ ಬೀಳುವುದು ಐಸ್‌ಕ್ಯಾಂಡಿಯ ಹಣ. ಈ ಊರಿನ ಸೆಕೆಯಲ್ಲಿ, ಶಾಲೆ ಬಿಟ್ಟು ಮನೆಗೆ ನಡೆಯುವ ಮಗು ಅದನ್ನು ಬಿಟ್ಟುಕೊಡುವುದು ಸಣ್ಣ ತ್ಯಾಗವಲ್ಲ. ಬಿಟ್ಟದ್ದು ಯಾರಿಗೆ ಸೇರುತ್ತದೆಂದು ಅದಕ್ಕೆ ಹೇಳಲೇಬೇಕು. ಕೊಡುವ ಕೈಗೆ ಪಡೆಯುವವರು ಕಾಣದಿದ್ದರೆ ಅದು ಬರೀ ಶಿಕ್ಷೆಯಾಗುತ್ತದೆ.

ಸಂಜೆ ಪ್ರಾರ್ಥನೆಗೆ ಕರೆಯುವ ಆಮೊರಿಯ ಗಂಟೆಗೆ ಮನೆಯವರು ಆಲ್ತಾರಿನ ಮುಂದೆ ಸೇರುತ್ತಾರೆ. ತೇರ್ಸ್ (ಜಪಮಾಲೆ) ಮುಗಿದ ಮೇಲೆ ಮಕ್ಕಳು ಕೈಮುಗಿದು ಹಿರಿಯರಿಂದ ಬೆಸಾಂವ್ (ಆಶೀರ್ವಾದ) ಬೇಡುತ್ತಾರೆ. ಶಾಲೆ ಹೇಳಿಕೊಟ್ಟದ್ದು ನಿಜವೋ ಎಂದು ಮಗು ಅಳೆಯುವುದು ಇಲ್ಲೇ. ಆ ಹೊತ್ತಿನಲ್ಲಿ ಅಪ್ಪನ ಕಣ್ಣು ಮೊಬೈಲಿನ ಮೇಲಿದ್ದರೆ ವೆರೋನಿಕಾಳ ಕತೆ ಅರ್ಧಕ್ಕೇ ನಿಲ್ಲುತ್ತದೆ.

ಕಥೋಲಿಕ ಧರ್ಮಸಭೆಯ ಕಾನೂನಿನ 1252ನೇ ನಿಯಮ ಮಾಂಸ ಬಿಡುವುದನ್ನು 14 ತುಂಬಿದವರಿಗೆ, ಉಪವಾಸವನ್ನು 18 ತುಂಬಿದವರಿಗೆ ಹೇಳಿದೆ. ಎಳೆಯರ ಮೇಲೆ ಅಂಥ ಕಟ್ಟುಪಾಡಿಲ್ಲ. ಆದರೆ ಪ್ರಾಯಶ್ಚಿತ್ತದ ನಿಜವಾದ ಅರ್ಥವನ್ನು ಅವರಿಗೆ ತಿಳಿಸುವ ಹೊಣೆಯನ್ನು ಅದೇ ನಿಯಮ ಪಾದ್ರಿಗಳ ಮೇಲೂ ಹೆತ್ತವರ ಮೇಲೂ ಹಾಕಿದೆ. ಕರೆಜ್ಮ ಬರುವುದು ವಾರ್ಷಿಕ ಪರೀಕ್ಷೆಯ ದಿನಗಳಲ್ಲಿ. ಪಾಠ ಮುಗಿಸುವ ಅವಸರಕ್ಕೆ ಮೊದಲು ಬಲಿಯಾಗುವುದೇ ದೊತೊರ್ನ್ ಪೀರಿಯಡ್. ದಯವಿಟ್ಟು ಅದನ್ನು ಉಳಿಸಿಕೊಳ್ಳಿ. ಒಂದು ಗೆರಟೆ, ಒಂದು ನಿಮಿಷದ ಮೌನ, ಆರನೆಯ ಚಿತ್ರದ ಮುಂದೆ ಸ್ವಲ್ಪ ಹೊತ್ತು. ಇಷ್ಟಕ್ಕೆ ಸಮಯ ಕೊಟ್ಟರೆ ಸಾಕು, ಆ ವಯಸ್ಸಿನಲ್ಲಿ ಕಲಿತ ಕರುಣೆ ಅವರ ಜೊತೆ ಬಹಳ ದೂರ ನಡೆಯುತ್ತದೆ.