ಮಂಜುಗಡ್ಡೆಗೆ ಟೋಪಿ ಹಾಕಿದರೆ...

ಡಿಸೆಂಬರ್ ಮೂರನೆಯ ವಾರ ಬಂತೆಂದರೆ ಭಾನುವಾರದ ಕನ್ನಡ ತರಗತಿ ನಡೆಸುವವರಿಗೆ ಫಜೀತಿ. ಮಕ್ಕಳ ಮೈ ಇಲ್ಲಿ, ಮನಸ್ಸು ಶಾಲೆಯ ಕ್ರಿಸ್‌ಮಸ್ ಪಾರ್ಟಿಯಲ್ಲಿ. ಕಾಗುಣಿತ ಬರೆಸಲು ಹೋದರೆ ಆಕಳಿಕೆ. ಹಾಗಾಗಿ ನಾವೆಲ್ಲ ಸುಲಭದ ದಾರಿ ಹಿಡಿಯುತ್ತೇವೆ: ಬಣ್ಣದ ಕಾಗದ, ಗೋಂದು, ಸಾಂತಾನ ಗಡ್ಡಕ್ಕೆ ಹತ್ತಿ. ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಆ ಒಂದು ಗಂಟೆಯಲ್ಲಿ ಮಕ್ಕಳು ಕನ್ನಡ ಎಷ್ಟು ಆಡಿದರು? 'ಗೋಂದು ಕೊಡು' ಅನ್ನುವುದನ್ನೂ ಹಿಂದಿಯಲ್ಲೇ ಹೇಳಿಕೊಂಡಿರುತ್ತಾರೆ.

ಮುಂಬೈ, ಪುಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳದು ಅಡುಗೆಮನೆಯ ಕನ್ನಡ. ಊಟ ಬೇಕು, ಬೇಡ, ಅಜ್ಜಿಗೆ ಫೋನ್ ಮಾಡು, ಇಷ್ಟಕ್ಕೆ ಸಾಕು. ಲೆಕ್ಕ ಹಾಕುವಾಗ, ವಾದಿಸುವಾಗ, 'ಯಾಕೆ ಹೀಗೆ' ಎಂದು ಯೋಚಿಸುವಾಗ ಇಂಗ್ಲಿಷೋ ಹಿಂದಿಯೋ ನುಗ್ಗಿಬಿಡುತ್ತದೆ. ಆದ್ದರಿಂದ ರಜೆಗೆ ಮುಂಚಿನ ತರಗತಿಯಲ್ಲಿ ಕತ್ತರಿಯ ಬದಲು ಒಂದೆರಡು ಸವಾಲು ಕೊಟ್ಟು ನೋಡಿ. ನಿಯಮ ಒಂದೇ: ಜಗಳವೂ ಕನ್ನಡದಲ್ಲೇ ಆಗಬೇಕು.

ನನಗೆ ಬಹಳ ಇಷ್ಟ ಮಂಜುಗಡ್ಡೆಯ ಸವಾಲು. ಒಂದೇ ಅಳತೆಯ ಮೂರು ಐಸ್ ತುಂಡುಗಳನ್ನು ಮೂರು ಪುಟ್ಟ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಡಿ. ಒಂದನ್ನು ಹಾಗೇ ತಟ್ಟೆಯಲ್ಲಿಡಿ. ಇನ್ನೊಂದನ್ನು ಕರವಸ್ತ್ರದಲ್ಲಿ ಸುತ್ತಿ. ಮೂರನೆಯದನ್ನು ದಪ್ಪನೆಯ ಉಣ್ಣೆಯ ಟೋಪಿಯೊಳಗೆ ಮಡಚಿಡಿ. ಯಾವುದು ಮೊದಲು ಕರಗುತ್ತದೆ? ಪ್ರತಿಯೊಬ್ಬರೂ ಕಾರಣ ಸಮೇತ ಹೇಳಬೇಕು. ಹೆಚ್ಚಿನ ಮಕ್ಕಳು ಟೋಪಿಯ ಕಡೆಗೇ ಕೈ ತೋರಿಸುತ್ತಾರೆ: 'ಟೀಚರ್, ಟೋಪಿ ಹಾಕ್ಕೊಂಡ್ರೆ ಸೆಖೆ ಆಗತ್ತಲ್ಲ!' ಮುಂಬೈಯ ಮಧ್ಯಾಹ್ನದಲ್ಲಿ ಬಹಳ ಹೊತ್ತು ಕಾಯಬೇಕಾಗಿಲ್ಲ. ತಟ್ಟೆಯಲ್ಲಿದ್ದದ್ದು ನೀರಾಗಿರುತ್ತದೆ, ಟೋಪಿಯೊಳಗಿನದು ಇನ್ನೂ ಗಟ್ಟಿ. ಉಣ್ಣೆ ಬಿಸಿಯನ್ನು ಹುಟ್ಟಿಸುವುದಿಲ್ಲ, ತಡೆಯುತ್ತದೆ ಅಷ್ಟೆ. ನಮ್ಮ ಮೈಯ ಬಿಸಿ ಹೊರಹೋಗದಂತೆ ತಡೆದ ಹಾಗೆಯೇ ಹೊರಗಿನ ಬಿಸಿ ಐಸಿಗೆ ತಾಗದಂತೆಯೂ ತಡೆಯುತ್ತದೆ. ಐಸ್ ಮಾರುವವರು ಗಡ್ಡೆಗಳನ್ನು ಗೋಣಿಚೀಲದಲ್ಲಿ, ಮರದ ಹೊಟ್ಟಿನಲ್ಲಿ ಮುಚ್ಚಿಡುವುದು ಇದಕ್ಕೇ. ಆದರೆ ಈ ವಿವರಣೆಯನ್ನು ನೀವು ಹೇಳಲು ಅವಸರಪಡಬೇಡಿ. 'ಕರಗು', 'ತಡೆ', 'ಒಳಗಿನ', 'ಹೊರಗಿನ' ಎಂಬ ಮಾತುಗಳಿಗಾಗಿ ಮಕ್ಕಳು ತಡವರಿಸುವ ಆ ಐದು ನಿಮಿಷವೇ ನಿಜವಾದ ಕನ್ನಡ ಪಾಠ.

ಎರಡನೆಯದು ಎಣಿಕೆ. ಕ್ರಿಸ್‌ಮಸ್ಸಿನ ಹನ್ನೆರಡು ದಿನಗಳ ಇಂಗ್ಲಿಷ್ ಹಾಡು ಕಾನ್ವೆಂಟ್ ಮಕ್ಕಳಿಗೆ ಗೊತ್ತು. ಮೊದಲ ದಿನ ಒಂದು ಉಡುಗೊರೆ, ಎರಡನೆಯ ದಿನ ಎರಡು ಮತ್ತು ಒಂದು, ಮೂರನೆಯ ದಿನ ಮೂರು, ಎರಡು, ಒಂದು. ಒಟ್ಟು ಎಷ್ಟಾಯಿತು? ಚಿಕ್ಕವರಿಗೆ ಐದು ದಿನ ಸಾಕು. ಹುಣಸೆ ಬೀಜ ಜೋಡಿಸಿ 35 ಎಂದು ಕಂಡುಕೊಳ್ಳುತ್ತಾರೆ. ನಾಲ್ಕನೇ ತರಗತಿಯವರು ಹನ್ನೆರಡು ದಿನವನ್ನೂ ಕೂಡಿದರೆ 364 ಬರಬೇಕು, ವರ್ಷದ ದಿನಗಳಿಗೆ ಒಂದೇ ಕಡಿಮೆ. ಎಣಿಕೆ ಜೋರಾಗಿ, ಕನ್ನಡದಲ್ಲಿ ನಡೆಯಲಿ. 2019ರಲ್ಲಿ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕ ಇಪ್ಪತ್ತೊಂದನ್ನು 'ಏಕ್‌ವೀಸ್' ಅನ್ನದೆ 'ವೀಸ್ ಏಕ್' ಎಂದಾಗ ಎದ್ದ ಗದ್ದಲ ಇಲ್ಲಿನವರಿಗೆ ನೆನಪಿರಬಹುದು. ಹತ್ತು ಮೊದಲು, ಬಿಡಿ ಆಮೇಲೆ ಎಂಬ ಆ ಕ್ರಮ ಕನ್ನಡದಲ್ಲಿ ಮೊದಲಿಂದಲೂ ಇದೆ. ಹಿಂದಿಯ 'ಉನ್‌ಸಠ್' ಐವತ್ತರದೋ ಅರವತ್ತರದೋ ಎಂದು ತಡಕಾಡುವ ಮಗುವಿಗೆ 'ಐವತ್ತೊಂಬತ್ತು' ತಾನೇ ಉತ್ತರ ಹೇಳಿಬಿಡುತ್ತದೆ. ಇದನ್ನು ಮಕ್ಕಳೇ ಕಂಡುಹಿಡಿದರೆ ಅವರ ಮುಖ ನೋಡಬೇಕು!

ಶುಭಾಶಯ ಪತ್ರದ ಸವಾಲು ಚಿಕ್ಕದು. ಹನ್ನೆರಡು ಮಕ್ಕಳು ಒಬ್ಬರಿಗೊಬ್ಬರು ಕಾರ್ಡ್ ಕೊಟ್ಟರೆ ಎಷ್ಟು ಕಾರ್ಡ್ ಬೇಕು? 144 ಎಂದು ಕೂಗುವವರಿಗೆ 'ನಿನಗೆ ನೀನೇ ಕೊಟ್ಕೊಳ್ತೀಯಾ?' ಎಂದು ಕೇಳಿ. ಉತ್ತರ 132. ಕಾರ್ಡಿನ ಬದಲು ಕೈ ಕುಲುಕಿದರೆ ಮಾತ್ರ 66. ಯಾಕೆ ಅರ್ಧವಾಯಿತು ಎಂಬುದನ್ನು ಎದ್ದು ನಿಂತು, ಕೈ ಕುಲುಕಿಯೇ ನೋಡಲಿ.

ಕೊನೆಯದಕ್ಕೆ ತರಗತಿ ಸಾಲದು, ಬಿಲ್ಡಿಂಗ್ ಬೇಕು. ಮುಂಬೈಯ ಮಂಗಳೂರು ಕ್ರೈಸ್ತರ ಮನೆಗಳಲ್ಲಿ ಈ ವಾರ ಕುಸ್ವಾರ್ ಸಿದ್ಧವಾಗುತ್ತಿರುತ್ತದೆ. ಮಕ್ಕಳು ನೆರೆಯ ಬಾಯಮ್ಮನನ್ನೋ ಆಂಟಿಯನ್ನೋ ಕೇಳಿ ಬರಬೇಕು: ನೆವ್ರಿಗೂ ನಮ್ಮ ಕರ್ಜಿಕಾಯಿಗೂ ಏನು ವ್ಯತ್ಯಾಸ, ಕಿಡಿಯೊ ಹುಳದ ಹಾಗೆ ಸುರುಳಿಯಾಗುವುದು ಹೇಗೆ. ಅವರ ಮನೆಮಾತು ಕೊಂಕಣಿ, ಆದರೆ ಕನ್ನಡದಲ್ಲಿ ಕೇಳಿದರೆ ಬಹುಮಂದಿ ಕನ್ನಡದಲ್ಲೇ ಹೇಳುತ್ತಾರೆ. ಹಳೆಯ ಕೈಗಳಾದರೆ ಅಳತೆ ಪಾವು, ಸೇರಿನಲ್ಲಿ ಬಂದೀತು. ನಾಲ್ಕು ಪಾವಿಗೆ ಒಂದು ಸೇರು ಎಂಬ ಲೆಕ್ಕ ಆಗ ಬೇಕಾಗುತ್ತದೆ.

ಯಾರಾದರೂ ಡಬ್ಬಿ ತುಂಬಿ ಕಳಿಸಿದರೆ ಇನ್ನೊಂದು ಸವಾಲು ಸಿಕ್ಕಿತು. 50 ಕಿಡಿಯೊ, ಹನ್ನೆರಡು ಮಕ್ಕಳು. ತಲೆಗೆ ನಾಲ್ಕು, ಉಳಿದದ್ದು ಎರಡು. ಆ ಎರಡು ಯಾರಿಗೆ ಎಂಬುದನ್ನು ಟೀಚರ್ ಹೇಳಬಾರದು. ಮಕ್ಕಳೇ ಮಾತಾಡಿ ತೀರ್ಮಾನಿಸಲಿ, ಕನ್ನಡದಲ್ಲಿ. ನಡುವೆ ಹಿಂದಿ ಬಂದರೆ ಎರಡೂ ಟೀಚರಿಗೆ.