ಮೀನು ಕಡಿಮೆಯಾಯಿತೇ, ಆಳಕ್ಕೆ ಇಳಿಯಿತೇ?

ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮಗೆ ಈ ಅನುಭವ ಹೊಸದಲ್ಲ. ನಿನ್ನೆ ಬಲೆ ತುಂಬ ಬಂಗುಡೆ ಸಿಕ್ಕಿದ ಜಾಗದಲ್ಲೇ ಇಂದು ಬರಿ ಬಲೆ ಮೇಲೆ ಬರುತ್ತದೆ. ದಕ್ಕೆಯಲ್ಲಿ ಹಿರಿಯರನ್ನು ವಿಚಾರಿಸಿದರೆ, ಮೀನು ಎಲ್ಲಿಗೂ ಹೋಗಿಲ್ಲ, ಕೆಳಗೆ ಇಳಿದಿದೆ ಎನ್ನುತ್ತಾರೆ. ಸಮುದ್ರದಲ್ಲಿ ಎಷ್ಟು ಮೀನಿದೆ ಎಂದು ಲೆಕ್ಕ ಹಾಕುವ ವಿಜ್ಞಾನಿಗಳಿಗೂ ಇದೇ ದೊಡ್ಡ ತೊಡಕು. ಮೀನು ನಿಜವಾಗಿ ಕಡಿಮೆಯಾಗಿದೆಯೇ, ಅಥವಾ ನಮ್ಮ ಬಲೆಗೂ ಯಂತ್ರಕ್ಕೂ ಸಿಗದ ಆಳದಲ್ಲಿದೆಯೇ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದಿದ್ದರೆ ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಮೀನನ್ನು ಎಣಿಸುವುದು ಏಕೆ? ಅನೇಕ ದೇಶಗಳಲ್ಲಿ ವರ್ಷಕ್ಕೆ ಎಷ್ಟು ಟನ್ ಮೀನು ಹಿಡಿಯಬಹುದು ಎಂದು ಸರಕಾರ ಮಿತಿ ಹಾಕುತ್ತದೆ. ಸಮೀಕ್ಷೆಯ ಲೆಕ್ಕ ಅದಕ್ಕೆ ಒಂದು ಮುಖ್ಯ ಆಧಾರ. ಲೆಕ್ಕ ಕಡಿಮೆ ಬಂದರೆ ಮೀನುಗಾರನ ಮನೆಯ ಒಲೆ ಉರಿಯುವುದು ಕಷ್ಟ. ಹೆಚ್ಚು ಬಂದರೆ ಇದ್ದ ಮೀನೂ ಬರಿದಾದೀತು.

ಎಣಿಸಲು ಮುಖ್ಯವಾಗಿ ಎರಡು ವಿಧಾನಗಳಿವೆ. ಒಂದು, ಗೊತ್ತುಪಡಿಸಿದ ಜಾಗಗಳಲ್ಲಿ ಪ್ರತಿ ವರ್ಷ ಒಂದೇ ಬಗೆಯ ಬಲೆಯನ್ನು ಒಂದೇ ರೀತಿಯಲ್ಲಿ ಎಳೆದು ಬಿದ್ದ ಮೀನನ್ನು ತೂಗುವುದು. ಇನ್ನೊಂದು, ಹಡಗಿನಿಂದ ಶಬ್ದದ ಅಲೆಯನ್ನು ನೀರಿಗೆ ಬಿಟ್ಟು ಮೀನಿಗೆ ತಾಗಿ ಬರುವ ಪ್ರತಿಧ್ವನಿಯನ್ನು ಅಳೆಯುವುದು. ನಮ್ಮ ದೋಣಿಗಳಲ್ಲಿರುವ ಫಿಶ್ ಫೈಂಡರ್ ಕೂಡ ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ.

ಬಲೆಯ ಮಿತಿ

ಅಲಾಸ್ಕಾದ ಪಶ್ಚಿಮಕ್ಕಿರುವ ಬೇರಿಂಗ್ ಸಮುದ್ರದಲ್ಲಿ ಪೊಲಾಕ್ ಎಂಬ ಮೀನಿದೆ. ಹೆಚ್ಚಿನ ವರ್ಷಗಳಲ್ಲಿ ಅಲ್ಲಿ 10 ಲಕ್ಷ ಟನ್ನಿಗೂ ಹೆಚ್ಚು ಪೊಲಾಕ್ ಹಿಡಿಯುತ್ತಾರೆ. ಅಮೆರಿಕದ ವಿಜ್ಞಾನಿಗಳು 1982ರಿಂದ ಅಲ್ಲಿ ತಳದ ಟ್ರಾಲ್ ಬಲೆಯ ಸಮೀಕ್ಷೆಯನ್ನು ಒಂದೇ ಕ್ರಮದಲ್ಲಿ ನಡೆಸುತ್ತಾ ಬಂದಿದ್ದಾರೆ. ಕೋವಿಡ್ ಕಾರಣದಿಂದ 2020ರಲ್ಲಿ ಮಾತ್ರ ಅದು ನಡೆಯಲಿಲ್ಲ. ಈ ಬಲೆಯ ಬಾಯಿ ತಳದಿಂದ ಎರಡು ಮೂರು ಮೀಟರ್ ಎತ್ತರಕ್ಕಷ್ಟೇ ತೆರೆದುಕೊಳ್ಳುತ್ತದೆ. ಆದರೆ ಪೊಲಾಕ್ ತಳಕ್ಕೆ ಅಂಟಿಕೊಂಡು ಬದುಕುವ ಮೀನಲ್ಲ. ದೊಡ್ಡವು ಹೆಚ್ಚಾಗಿ ತಳದ ಹತ್ತಿರ, ಎಳೆಯವು ನಡುನೀರಿನಲ್ಲಿ. ನೀರಿಗೆ ಎಷ್ಟು ಬೆಳಕು ಇಳಿಯುತ್ತದೆ ಎಂಬುದರ ಮೇಲೆಯೂ ಅವು ಮೇಲೆ ಕೆಳಗೆ ಸರಿಯುತ್ತವೆ.

ಒಂದು ಸರಳ ಲೆಕ್ಕ ಮಾಡೋಣ. ಒಂದು ಕಡೆ 100 ಮೀನುಗಳಿವೆ ಎಂದಿಟ್ಟುಕೊಳ್ಳಿ. ಮೊದಲ ವರ್ಷ ಅವುಗಳಲ್ಲಿ 60 ಬಲೆಯ ಎತ್ತರದೊಳಗೆ ಇದ್ದವು, ಮರುವರ್ಷ 30 ಮಾತ್ರ. ಬಲೆಯ ಲೆಕ್ಕ ನೋಡಿದವರು ಮೀನು ಅರ್ಧಕ್ಕೆ ಇಳಿಯಿತು ಎನ್ನುತ್ತಾರೆ. ನಿಜದಲ್ಲಿ ಒಂದು ಮೀನೂ ಕಡಿಮೆಯಾಗಿಲ್ಲ. ಇದರ ತಿರುಗುಮುರುಗು ಇನ್ನೂ ಅಪಾಯ. ಇರುವ ಮೀನು ಕರಗುತ್ತಿದ್ದರೂ ಉಳಿದವು ತಳದಲ್ಲಿ ಗುಂಪುಗೂಡಿದರೆ ಬಲೆ ತುಂಬಿಯೇ ಬರುತ್ತದೆ. ಇದು ಸಾಲದೆಂಬಂತೆ, ಹಡಗಿನ ಸದ್ದಿಗೆ ಬೆದರಿ ಮೇಲಿನ ಮೀನು ಕೆಳಗಿಳಿದು ಬಲೆಗೆ ಬೀಳುವುದೂ ಉಂಟು.

ಶಬ್ದದ ಮಿತಿ

ಹಾಗಾದರೆ ಶಬ್ದದಿಂದಲೇ ಎಣಿಸಬಾರದೇ? ನಾರ್ವೆಯ ವಿಜ್ಞಾನಿ ಆಸ್ಕರ್ ಸುಂಡ್ ಅವರು ಲೋಫೋಟೆನ್ ದ್ವೀಪಗಳ ಬಳಿ ಮೊಟ್ಟೆಯಿಡಲು ಬಂದ ಕಾಡ್ ಮೀನಿನ ಪ್ರತಿಧ್ವನಿ ಚಿತ್ರವನ್ನು 1935ರಲ್ಲೇ ಪ್ರಕಟಿಸಿದ್ದರು. ಮೀನು ನೀರಿನಲ್ಲಿ ಒಂದು ಪದರವಾಗಿ ನಿಂತಿರುವುದು ಅದರಲ್ಲಿ ಕಂಡುಬಂತು. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ. ಪ್ರತಿಧ್ವನಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮರಳಿ ಬಂದರೆ ಮೀನು 75 ಮೀಟರ್ ಕೆಳಗಿದೆ ಎಂದರ್ಥ.

ಆದರೆ ಈ ಯಂತ್ರಕ್ಕೂ ಕುರುಡು ಜಾಗಗಳಿವೆ. ತಳಕ್ಕೆ ತೀರಾ ಹತ್ತಿರವಿರುವ ಮೀನಿನ ಪ್ರತಿಧ್ವನಿ ತಳದ ಪ್ರತಿಧ್ವನಿಯಲ್ಲಿ ಬೆರೆತುಹೋಗುತ್ತದೆ. ಯಂತ್ರ ಹಡಗಿನ ಅಡಿಯಲ್ಲಿರುವುದರಿಂದ ಮೇಲಿನ ಕೆಲವು ಮೀಟರ್ ನೀರಿನಲ್ಲಿರುವ ಮೀನೂ ಕಾಣುವುದಿಲ್ಲ.

ಇನ್ನೊಂದು ಸೂಕ್ಷ್ಮ ವಿಷಯವಿದೆ. ಅನೇಕ ಮೀನುಗಳ ಹೊಟ್ಟೆಯೊಳಗೆ ಗಾಳಿಚೀಲ ಇರುತ್ತದೆ. ಇಂಥ ಮೀನಿನಿಂದ ಬರುವ ಪ್ರತಿಧ್ವನಿಯ ಬಹುಪಾಲು ಈ ಚೀಲದಿಂದಲೇ ಬರುವುದು. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಮೇಲ್ಮೈಯಲ್ಲಿ ತುಂಬಿಕೊಂಡ ಗಾಳಿ 10 ಮೀಟರ್ ಆಳದಲ್ಲಿ ಅರ್ಧಕ್ಕೆ, 90 ಮೀಟರ್ ಆಳದಲ್ಲಿ ಹತ್ತನೇ ಒಂದಕ್ಕೆ ಕುಗ್ಗುತ್ತದೆ. ನಮ್ಮ ಬೂತಾಯಿಯ ಬಳಗಕ್ಕೆ ಸೇರಿದ ಹೆರಿಂಗ್ ಮೀನಿಗೆ ಆಳದಲ್ಲಿ ಈ ಗಾಳಿಯನ್ನು ಮತ್ತೆ ತುಂಬಿಕೊಳ್ಳಲು ಆಗದು. ಆದ್ದರಿಂದ ಅದೇ ಮೀನು ಆಳಕ್ಕೆ ಹೋದಂತೆ ಪ್ರತಿಧ್ವನಿ ಕ್ಷೀಣವಾಗುತ್ತದೆ. ಆಳವನ್ನು ಗಮನಿಸದೆ ಲೆಕ್ಕ ಹಾಕಿದರೆ ಇರುವುದಕ್ಕಿಂತ ಕಡಿಮೆ ಮೀನು ತೋರುತ್ತದೆ.

ಹಗಲು ಮತ್ತು ರಾತ್ರಿಯ ಅಂತರವೂ ಸಣ್ಣದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಕ್ಯಾಲಿಫೋರ್ನಿಯಾದ ಸಮುದ್ರದಲ್ಲಿ ಶಬ್ದ ಪರೀಕ್ಷೆ ನಡೆಸುತ್ತಿದ್ದವರಿಗೆ ನಡುನೀರಿನಲ್ಲೇ ಸುಳ್ಳು ತಳವೊಂದು ಕಾಣಿಸಿತು. ಸಂಜೆಯಾದರೆ ಅದು ಮೇಲೇರುವುದು, ಬೆಳಗಾದರೆ ಕೆಳಗಿಳಿಯುವುದು. ಅವು ಜೀವಿಗಳ ಪದರಗಳು ಎಂಬುದು ಆ ಮೇಲೆ ಸ್ಪಷ್ಟವಾಯಿತು. ಈ ಆಳದ ಪುಟ್ಟ ಮೀನುಗಳು ಬಲೆಯಿಂದ ತಪ್ಪಿಸಿಕೊಳ್ಳುವುದರಲ್ಲಿ ನಿಪುಣ. 1980ರ ಅಂದಾಜಿನಲ್ಲಿ ಜಗತ್ತಿನಲ್ಲಿ ಇವುಗಳ ತೂಕ ಸುಮಾರು 100 ಕೋಟಿ ಟನ್ ಎಂದಿತ್ತು. ಶಬ್ದದ ಆಧಾರದ ಮೇಲೆ 2014ರಲ್ಲಿ ಪ್ರಕಟವಾದ ಅಂದಾಜು ಅದರ ಹತ್ತು ಪಟ್ಟು. ಗಾಳಿಗುಳ್ಳೆ ಇರುವ ಬೇರೆ ಜೀವಿಗಳೂ ಮೀನಿನಂತೆಯೇ ಪ್ರತಿಧ್ವನಿ ಕೊಡುವುದರಿಂದ ಈ ಲೆಕ್ಕದ ಬಗ್ಗೆ ಚರ್ಚೆ ಮುಗಿದಿಲ್ಲ.

ನಮ್ಮ ಕಡಲಿನಲ್ಲಿ

ಮಳೆಗಾಲದಲ್ಲಿ ಭಾರತದ ನೈಋತ್ಯ ಕರಾವಳಿಯಲ್ಲಿ ಆಳದ ತಣ್ಣಗಿನ, ಆಮ್ಲಜನಕ ಕಡಿಮೆ ಇರುವ ನೀರು ಮೇಲೆದ್ದು ತೀರದ ಕಡೆಗೆ ಹರಡುತ್ತದೆ. ಈ ನೀರು ತಳವನ್ನು ಆವರಿಸಿದಾಗ ತಳದ ಟ್ರಾಲ್ ಬಲೆಗೆ ಮೀನು ಬೀಳುವುದು ಕಡಿಮೆಯಾಗುತ್ತದೆ ಎಂದು ಕೊಚ್ಚಿಯ ಸಮುದ್ರವನ್ನು ಅಭ್ಯಾಸ ಮಾಡಿದ ಕಾರ್ಲ್ ಬಾನ್ಸೆ 1959ರಲ್ಲೇ ಬರೆದಿದ್ದರು. ಉಸಿರಾಡಲು ಆಗದ ಕಡೆ ಮೀನು ನಿಲ್ಲುವುದಿಲ್ಲ, ಬೇರೆ ಕಡೆಗೆ ಸರಿಯುತ್ತದೆ. ನಮ್ಮಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ದಡಕ್ಕೆ ಬಂದ ಮೀನಿನ ಮಾದರಿ ಲೆಕ್ಕದಿಂದ ವರ್ಷದ ಹಿಡುವಳಿಯನ್ನು ಅಂದಾಜಿಸುತ್ತದೆ. ದಡಕ್ಕೆ ಬಂದದ್ದು ಬಲೆಗೆ ಸಿಕ್ಕ ಮೀನು. ಸಿಗದೆ ಉಳಿದದ್ದು ಎಷ್ಟು ಎಂಬುದನ್ನು ಅದೊಂದೇ ಹೇಳಲಾರದು.

ಲೆಕ್ಕ ತಪ್ಪಿದರೆ

ಮೀನು ಎಲ್ಲಿ ನಿಂತಿದೆ ಎಂಬುದನ್ನು ಮರೆತರೆ ಆಗುವ ಅನಾಹುತಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಸಾಕ್ಷಿ. 1980ರ ದಶಕದಲ್ಲಿ ದೊಡ್ಡ ಟ್ರಾಲರುಗಳು ಗುಂಪುಗೂಡಿದ ಕಾಡ್ ಮೀನನ್ನು ಹುಡುಕಿ ಬಲೆ ತುಂಬಿಸುತ್ತಿದ್ದವು. ಈ ಹಿಡುವಳಿಯನ್ನೂ ನಂಬಿ ಮಾಡಿದ ಲೆಕ್ಕದಲ್ಲಿ ಮೀನು ಧಾರಾಳವಾಗಿ ಕಂಡಿತು. ತೀರದ ಸಣ್ಣ ದೋಣಿಗಳವರು ಮೀನು ಕಡಿಮೆಯಾಗುತ್ತಿದೆ ಎಂದು ಎಚ್ಚರಿಸುತ್ತಲೇ ಇದ್ದರು. ಕೊನೆಗೆ 1992ರ ಜುಲೈ 2ರಂದು ಸರಕಾರ ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು. ಸುಮಾರು 30,000 ಮಂದಿ ಕೆಲಸ ಕಳೆದುಕೊಂಡರು. ಆ ನಿಷೇಧ ತೆರವಾದದ್ದು 2024ರಲ್ಲಿ, 32 ವರ್ಷಗಳ ಬಳಿಕ. ಅತಿಯಾದ ಮೀನುಗಾರಿಕೆಯೇ ಈ ದುರಂತದ ಮೂಲ ಎಂಬುದು ನಿಜ. ಆದರೆ ಗುಂಪು ಕಂಡು ಸಮುದ್ರವೇ ತುಂಬಿದೆ ಎಂದು ಭಾವಿಸಿದ್ದೂ ಅದರಲ್ಲಿ ಸೇರಿದೆ.

ಈಗ ವಿಜ್ಞಾನಿಗಳು ಬಲೆ ಮತ್ತು ಶಬ್ದ ಎರಡನ್ನೂ ಜೋಡಿಸಿ ನೋಡುತ್ತಾರೆ. ಬಲೆಗೆ ಸಿಗದ ನಡುನೀರನ್ನು ಶಬ್ದ ಅಳೆಯುತ್ತದೆ, ಶಬ್ದಕ್ಕೆ ಕಾಣದ ತಳವನ್ನು ಬಲೆ ನೋಡಿಕೊಳ್ಳುತ್ತದೆ. ನೀರಿನ ಉಷ್ಣತೆ, ಬೆಳಕು, ಹಗಲು ರಾತ್ರಿಯ ಹೊತ್ತು ಇವನ್ನೂ ಬರೆದಿಡುತ್ತಾರೆ. 2020ರಲ್ಲಿ ಹಡಗುಗಳು ನಿಂತಾಗ ಬೇರಿಂಗ್ ಸಮುದ್ರದ ಪೊಲಾಕ್ ಅಳೆಯಲು ಆಳಿಲ್ಲದ ಹಾಯಿದೋಣಿಗಳನ್ನು ಕಳುಹಿಸಿದ್ದರು.

ಯಂತ್ರಗಳು ಎಷ್ಟೇ ಬಂದರೂ, ಮೀನು ಯಾವ ಹೊತ್ತಿನಲ್ಲಿ ಎಷ್ಟು ಮಾರು ಆಳದಲ್ಲಿ ಸಿಕ್ಕಿತು ಎಂದು ನಿತ್ಯ ನೋಡುವವರು ನಮ್ಮ ಮೀನುಗಾರರೇ. ಎಷ್ಟು ಬುಟ್ಟಿ ಮೀನು ಬಂತು ಎಂಬುದರ ಜೊತೆಗೆ ಎಷ್ಟು ಆಳದಲ್ಲಿ, ಯಾವ ಹೊತ್ತಿನಲ್ಲಿ ಬಂತು ಎಂಬುದನ್ನೂ ಅವರು ಬರೆದಿಡಲಿ. ಲೆಕ್ಕ ಹಾಕುವವರು ಅವರನ್ನು ಕೇಳಿ ತಿಳಿದುಕೊಳ್ಳಲಿ. ನ್ಯೂಫೌಂಡ್‌ಲ್ಯಾಂಡಿನ ಸಣ್ಣ ದೋಣಿಗಳವರ ಮಾತನ್ನು ಕೇಳದೆ ಹೋದದ್ದರ ಬೆಲೆ ಎಷ್ಟೆಂದು ನಾವು ನೋಡಿದ್ದೇವೆ. ನಮ್ಮ ಕಡಲಿಗೆ ಆ ಗತಿ ಬಾರದಿರಲಿ.