‘ವ್ಯಾಕ್ಸಿನ್’ ಎಂದರೆ ಹಸುವಿನದ್ದೇ?

‘ವ್ಯಾಕ್ಸಿನ್ ಅಂದ್ರೆ ಹಸು, ಹಾಗಾಗಿ ಎಲ್ಲ ಲಸಿಕೆಯಲ್ಲೂ ಹಸುವಿನ ಅಂಶ ಇರುತ್ತೆ’ ಎಂಬ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಪದದ ಮೂಲ ಹಸುವೇ, ನಿಜ. ಲ್ಯಾಟಿನ್‌ನಲ್ಲಿ ‘ವ್ಯಾಕಾ’ ಎಂದರೆ ಹಸು. ‘ವ್ಯಾಕ್ಸಿನಸ್’ ಎಂಬ ಗುಣವಾಚಕಕ್ಕೆ ‘ಹಸುವಿನ’ ಎಂದರ್ಥ. ನಮ್ಮ ‘ದೊಡ್ಡ’ ಪದ ದೊಡ್ಡ ಮನೆ, ದೊಡ್ಡ ಮನೆಗಳು ಎರಡಕ್ಕೂ ಒಂದೇ. ಲ್ಯಾಟಿನ್‌ನಲ್ಲಿ ಹಾಗಲ್ಲ, ಗುಣವಾಚಕವೂ ನಾಮಪದದ ಲಿಂಗ, ವಚನ, ವಿಭಕ್ತಿಗೆ ತಕ್ಕಂತೆ ಬದಲಾಗುತ್ತದೆ. ಸಿಡುಬಿನ ಹೆಸರು ‘ವೇರಿಯೊಲೇ’ ಸ್ತ್ರೀಲಿಂಗ ಬಹುವಚನ. ಹಾಗಾಗಿಯೇ 1798ರಲ್ಲಿ ಎಡ್ವರ್ಡ್ ಜೆನ್ನರ್ ಗೋಸಿಡುಬನ್ನು ‘ವೇರಿಯೊಲೇ ವ್ಯಾಕ್ಸಿನೇ’ ಎಂದು ಬರೆದರು. ಅವರು ಸಿಡುಬು ತಡೆಯಲು ಬಳಸಿದ್ದು ಇದನ್ನೇ.

1881ರಲ್ಲಿ ಲೂಯಿ ಪಾಶ್ಚರ್, ಜೆನ್ನರ್ ಗೌರವಾರ್ಥ ಬೇರೆ ರೋಗಗಳ ಲಸಿಕೆಗೂ ಇದೇ ಪದ ಬಳಸಲು ಸೂಚಿಸಿದರು.

ನಾವು ಹೇಳುವುದಿಷ್ಟೇ: ಹೆಸರು ಇತಿಹಾಸ ತಿಳಿಸುತ್ತದೆ, ಒಳಗಿರುವ ಪದಾರ್ಥವನ್ನಲ್ಲ. ಅದಕ್ಕೆ ಲಸಿಕೆಯ ಮಾಹಿತಿ ಪತ್ರ ಓದಿ, ವೈದ್ಯರನ್ನು ಕೇಳಿ.